ಅಜ್ಜಿಯ ಉಗುರಿನ ಮೇಲೆ ಸಂದು ಚುಕ್ಕಿ

ಗುಂಪು: ಹಳೇಮನೆ ಬಳಗ
ಭಾನುವಾರ

ನಾನು, ಮಧ್ಯಾಹ್ನ 3:12
(ಫೋಟೋ)
ಇದು ಯಾರ ಕೈ ಹೇಳಿ ನೋಡೋಣ! ಎರಡು ಗಂಟೆ ಹಿಡಿಯಿತು. ಹೆಬ್ಬೆರಳಿಗೆ 3ರಿಂದ 2 ಸಂದು ಚುಕ್ಕಿ. ಉಳಿದ ಬೆರಳುಗಳಿಗೆ ಬರೀ ನಾಲ್ಕು ಚುಕ್ಕಿ, ಸುತ್ತ ಒಂದು ಎಳೆ.

ಸುಧಾ ಚಿಕ್ಕಮ್ಮ, 3:14
ಇದರಲ್ಲಿ ಹೇಳುವುದೇನು ಬಂತು, ಆ ಮಣಿಕಟ್ಟಿನ ಹತ್ತಿರ ಹೋಳಿಗೆ ಹಂಚು ತಾಗಿದ ಕಲೆ ಇದೆಯಲ್ಲ. ಅತ್ತೆಯ ಕೈ! ಎಷ್ಟು ಮುದ್ದಾಗಿದೆ.

ವೀಣಾ ಅತ್ತೆ, 3:15
ಅಮ್ಮನ ಉಗುರಿನ ಮೇಲೆ ರಂಗೋಲಿನಾ? ಆದರೆ ಇದೇನು ಬಣ್ಣವೇ ಪುಟ್ಟಿ, ಸಗಣಿ ಸಾರಿಸಿದ ಹಾಗಿದೆ.

ನಾನು, 3:17
ಸಗಣಿಯೇ ಅತ್ತೆ! ಅಜ್ಜಿ ಕೇಳಿದ ಬಣ್ಣವೇ ಅದು. ಗುಲಾಬಿ, ನೇರಳೆ, ಕೆಂಪು ಎಲ್ಲ ತೋರಿಸಿದೆ. ಯಾವುದೂ ಬೇಡವಂತೆ. "ಬಿಳಿ ಚುಕ್ಕಿ ಇಡುವುದಾದರೆ ಸಾರಿಸಿದ ನೆಲ ಬೇಕು" ಅಂದರು. ಕಂದು ನೇಲ್ ಪಾಲಿಶ್‌ಗೆ ಹಳದಿ ಎರಡು ಹನಿ, ಹಸಿರು ಒಂದು ಹನಿ ಸೇರಿಸಿದೆ. ಮೂರನೇ ಸಲ ಕಲಸಿದಾಗ "ಹೂಂ, ಇದು ನಮ್ಮ ಅಂಗಳ" ಅಂತ ಒಪ್ಪಿಕೊಂಡರು.

ರಘು ದೊಡ್ಡಪ್ಪ, 3:31
ಯಾರ ಐಡಿಯಾ ಇದು?

ನಾನು, 3:32
ನನ್ನದೇ ದೊಡ್ಡಪ್ಪ.

ರಘು ದೊಡ್ಡಪ್ಪ, 3:36
81 ವರ್ಷದವರ ಕೈ ಆಟದ ಸಾಮಾನಲ್ಲ. ಅಪ್ಪ ಹೋಗಿ ಇನ್ನೂ 11 ತಿಂಗಳು. ವರ್ಷಾಬ್ದಿಕ ಕೂಡ ಆಗಿಲ್ಲ. ಈ ಗುಂಪಿನಲ್ಲಿ ಬೀಗರೂ ಇದ್ದಾರೆ. ಫೋಟೋ ತೆಗೆದುಬಿಡು.

ವೀಣಾ ಅತ್ತೆ, 3:38
ಯಾಕೆ ತೆಗೆಯಬೇಕು ಅಣ್ಣ? ಅಮ್ಮ ಏನು ಕದ್ದಿದ್ದಾಳಾ?

ರಘು ದೊಡ್ಡಪ್ಪ, 3:40
ನಾನು ಹಾಗೆ ಹೇಳಿದೆನಾ? ಒಂದು ಕಾಲ ಅಂತ ಇರುತ್ತದೆ. ಸ್ವಲ್ಪ ದಿನ ತಡೆದಿದ್ದರೆ ಏನಾಗುತ್ತಿತ್ತು?

ವೀಣಾ ಅತ್ತೆ, 3:44
ನೇಲ್ ಪಾಲಿಶ್ ವಿಷಯದಲ್ಲಿ ನಿನ್ನ ಕಾಲ ಯಾವತ್ತೂ ಬಂದಿಲ್ಲ ಬಿಡು. 1984ರಲ್ಲಿ ನಾನು ಪಿಯುಸಿ. ಗೆಳತಿಯ ಹತ್ತಿರ ಒಂದು ಲ್ಯಾಕ್ಮೆ ಶೀಶೆ ಇತ್ತು, ಎರಡು ಉಗುರಿಗೆ ಹಚ್ಚಿಸಿಕೊಂಡು ಬಂದಿದ್ದೆ. ಹಿತ್ತಲ ಕಟ್ಟೆ ಮೇಲೆ ಕೂರಿಸಿ ಬ್ಲೇಡಿನಲ್ಲಿ ಕೆರೆದವನು ಯಾರು? ಬಲಗೈ ಕಿರುಬೆರಳಲ್ಲಿ ರಕ್ತ ಬಂದಿತ್ತು.

ರಘು ದೊಡ್ಡಪ್ಪ, 3:46
ಅದು ಅಪ್ಪ ಹೇಳಿದ್ದಕ್ಕೆ. ನಲವತ್ತು ವರ್ಷದ ಹಿಂದಿನ ಮಾತು ಈಗ ಯಾಕೆ?

ವೀಣಾ ಅತ್ತೆ, 3:47
ಲ್ಯಾಕ್ಮೆ ಅಂದರೆ ಲಕ್ಷ್ಮಿಯೇ, ಫ್ರೆಂಚರ ಬಾಯಲ್ಲಿ ಹಾಗಾಗಿದೆ, 1952ರಲ್ಲಿ ಟಾಟಾದವರು ಶುರು ಮಾಡಿದ ಸ್ವದೇಶಿ ಮಾಲು. ಇದೆಲ್ಲ ಅವತ್ತು ಗೊತ್ತಿದ್ದರೆ ಅಪ್ಪನಿಗೆ ಹೇಳಿ ಉಳಿಸಿಕೊಳ್ಳುತ್ತಿದ್ದೆ.

ರಘು ದೊಡ್ಡಪ್ಪ, 3:49
ಈ ಸಂದೇಶವನ್ನು ಅಳಿಸಲಾಗಿದೆ

ಸುಧಾ ಚಿಕ್ಕಮ್ಮ, 3:50
ಭಾವ, ಅಳಿಸುವ ಮೊದಲೇ ಓದಿಬಿಟ್ಟೆ.

ಅಮ್ಮ, 3:52
ಎಲ್ಲರೂ ಸ್ವಲ್ಪ ನಿಲ್ಲಿಸುತ್ತೀರಾ? ಅತ್ತೆ ಪಕ್ಕದಲ್ಲೇ ಕೂತು "ಯಾರದು ಫೋನು ಅಷ್ಟು ಸಲ ಟಿಂಗ್ ಅನ್ನುತ್ತಿದೆ" ಅಂತ ಕೇಳುತ್ತಿದ್ದಾರೆ.

ರಘು ದೊಡ್ಡಪ್ಪ, 4:05
ಸರಿ, ಶಾಸ್ತ್ರದ ಮಾತು ಬೇಡ. ಗುರುವಾರ ಕಣ್ಣಿನ ಪೊರೆ ಆಪರೇಶನ್ ಇದೆ. ಆಸ್ಪತ್ರೆಯವರು ಕೊಟ್ಟ ಚೀಟಿ ಯಾರಾದರೂ ಓದಿದ್ದೀರಾ? ಬೆರಳಿಗೆ ನೇಲ್ ಪಾಲಿಶ್ ಇರಬಾರದು ಅಂತ ಬರೆದಿರುತ್ತದೆ. ಜೊತೆಗೆ ಇದನ್ನೂ ಓದಿ.
(ತುಂಬಾ ಸಲ ಫಾರ್ವರ್ಡ್ ಮಾಡಲಾಗಿದೆ) ನೇಲ್ ಪಾಲಿಶ್ ಹಚ್ಚಿದರೆ ಉಗುರಿನ ಉಸಿರು ಕಟ್ಟುತ್ತದೆ! ಎಲ್ಲ ತಾಯಂದಿರಿಗೂ ಕಳಿಸಿ.

ವೀಣಾ ಅತ್ತೆ, 4:06
ಇದು ಎರಡನೇ ಕಾರಣ. ಮೂರನೆಯದೂ ಜೊತೆಯಲ್ಲೇ ಬಂತು. ರೀ, ನೀವಾದರೂ ಹೇಳಿ.

ಶ್ರೀಧರ ಮಾವ, 4:21
ಊಟ ಆಗಿ ಮಲಗಿದ್ದೆ, ಎಬ್ಬಿಸಿದಳು. ಭಾವ, ಆಪರೇಶನ್ ಮಾತು ಸರಿ. ಫಾರ್ವರ್ಡ್ ಮಾತು ಸುಳ್ಳು. ಉಗುರು ಉಸಿರಾಡುವುದಿಲ್ಲ. ನಮಗೆ ಕಾಣುವ ಉಗುರು ಪೂರ್ತಿ ಸತ್ತ ಕೆರಾಟಿನ್, ಕೂದಲಿನಲ್ಲೂ ಇರುವ ಗಟ್ಟಿ ಪ್ರೋಟೀನ್. ಅದನ್ನು ಬೆಳೆಸುವ ಬುಡ ಚರ್ಮದ ಒಳಗಿದೆ, ಅದಕ್ಕೆ ಬೇಕಾದದ್ದು ರಕ್ತದಿಂದ ಸಿಗುತ್ತದೆ.
ಆದರೆ ಆಪರೇಶನ್ ಟೇಬಲ್ ಮೇಲೆ ನಾವು ಬೆರಳಿಗೆ ಕ್ಲಿಪ್ ಹಾಕುತ್ತೇವೆ. ಕೋವಿಡ್ ಕಾಲದಲ್ಲಿ ನೀವೆಲ್ಲ ತರಿಸಿಟ್ಟುಕೊಂಡಿದ್ದಿರಲ್ಲ, ಅದೇ ಆಕ್ಸಿಮೀಟರ್. ಒಂದು ಬದಿಯಿಂದ ಕೆಂಪು ಬೆಳಕು, ಕಣ್ಣಿಗೆ ಕಾಣದ ಇನ್ನೊಂದು ಬೆಳಕು ಉಗುರಿನ ಮೂಲಕ ಹೋಗಿ ಇನ್ನೊಂದು ಬದಿಗೆ ಬರಬೇಕು. ಎಷ್ಟು ಬಂತು ಅಂತ ನೋಡಿ ಆಮ್ಲಜನಕದ ಲೆಕ್ಕ ಹೇಳುತ್ತದೆ. ನಡುವೆ ಕಪ್ಪು, ನೀಲಿ, ಹಸಿರಿನಂಥ ಗಾಢ ಬಣ್ಣ ಇದ್ದರೆ ಲೆಕ್ಕ ತಪ್ಪಬಹುದು. ಅದೂ ಅಲ್ಲದೆ, ಉಗುರು ನೀಲಿಗಟ್ಟಿದೆಯಾ ಅಂತ ನಾವು ಕಣ್ಣಲ್ಲೂ ನೋಡುತ್ತೇವೆ.

ರಘು ದೊಡ್ಡಪ್ಪ, 4:23
ನೋಡಿದಿರಾ? ನಾನು ಹೇಳಿದ್ದೂ ಅದೇ. ಮದರಂಗಿ ಹಚ್ಚಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ.

ಶ್ರೀಧರ ಮಾವ, 4:26
ಮದರಂಗಿ ಆಗಿದ್ದರೆ ತಾಪತ್ರಯ ಜಾಸ್ತಿ. ಅದು ಕೆರಾಟಿನ್‌ಗೇ ಅಂಟಿಕೊಳ್ಳುತ್ತದೆ, ಪಾಲಿಶ್ ತೆಗೆಯುವ ಯಾವ ಅಸಿಟೋನ್‌ಗೂ ಬಗ್ಗುವುದಿಲ್ಲ. ಬೆಳೆದೇ ಹೋಗಬೇಕು. ಕೈಬೆರಳ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಪೂರ್ತಿ ಹೊಸದಾಗಲು ಆರು ತಿಂಗಳು. ಈ ಪಾಲಿಶ್ ಆದರೆ ಬುಧವಾರ ರಾತ್ರಿ ಹತ್ತಿಯಲ್ಲಿ ಒರೆಸಿದರೆ ಮುಗಿಯಿತು. ಇನ್ನೂ ಮೂರು ದಿನ ಇದೆ, ಹಾಕಿಕೊಂಡಿರಲಿ ಬಿಡಿ.

ಕಿರಣಣ್ಣ, 4:40
ಸ್ಟುಟ್‌ಗಾರ್ಟ್‌ನಿಂದ ಗುಡ್ ಮಾರ್ನಿಂಗ್, ಈಗ ಎದ್ದೆ. 47 ಮೆಸೇಜ್. ಏನಾದರೂ ಆಯಿತಾ ಅಂತ ಗಾಬರಿಯಾದೆ, ನೋಡಿದರೆ ಉಗುರು. ಅಪ್ಪ, ಚೆನ್ನಾಗಿದೆ ಅಲ್ವಾ? ಪುಟ್ಟಿ, ಇದು ಜೆಲ್ ಅಲ್ಲ ತಾನೇ? ಇಲ್ಲಿ ಯುರೋಪಿನಲ್ಲಿ 2025ರ ಸೆಪ್ಟೆಂಬರ್ 1ರಿಂದ ಟಿಪಿಒ ಅನ್ನುವ ರಾಸಾಯನಿಕ ಇರುವ ಜೆಲ್‌ಗಳನ್ನು ನಿಷೇಧ ಮಾಡಿದ್ದಾರೆ. ಲ್ಯಾಂಪ್ ಕೆಳಗೆ ಜೆಲ್ ಗಟ್ಟಿಯಾಗಲು ಹಾಕುವ ವಸ್ತು ಅದು.

ನಾನು, 4:43
ಅಲ್ಲ ಅಣ್ಣ. ಸಾದಾ ಪಾಲಿಶ್, ಗಾಳಿಗೆ ಒಣಗುವುದು. ಜೆಲ್ ಕಿಟ್ ತರಿಸಬೇಕು ಅಂತ ಒಮ್ಮೆ ಆಸೆಯಾಗಿತ್ತು. ಗಟ್ಟಿಯಾಗುವ ಮೊದಲು ಅದು ಚರ್ಮಕ್ಕೆ ತಾಗುತ್ತಾ ಇದ್ದರೆ ಅಲರ್ಜಿ ಬರಬಹುದು ಅಂತ ಓದಿ ಬಿಟ್ಟೆ. ನಾನು ಹಚ್ಚಿದರೆ ಉಗುರಿಗಿಂತ ಚರ್ಮಕ್ಕೇ ಜಾಸ್ತಿ ಬೀಳುತ್ತದೆ.

ಸುಧಾ ಚಿಕ್ಕಮ್ಮ, 4:47
ಸಾದಾ ಪಾಲಿಶ್‌ನಲ್ಲೂ ಅನಾಹುತ ಮಾಡಬಹುದು. ಹೋದ ತಿಂಗಳು ನನ್ನ ಮಗಳು "ವಾಟರ್ ಮಾರ್ಬಲ್" ಮಾಡುತ್ತೇನೆ ಅಂತ ಹೊರಟಳು. ನೀರಿನ ಮೇಲೆ ಪಾಲಿಶ್ ಹನಿಸಿ, ಕಡ್ಡಿಯಲ್ಲಿ ಗೆರೆ ಎಳೆದು, ಬೆರಳು ಅದ್ದುವುದಂತೆ. ಅದ್ದಲು ಅವಳಿಗೆ ಸಿಕ್ಕಿದ ಪಾತ್ರೆ ಯಾವುದು? ದೇವರ ಮನೆಯ ಪಂಚಪಾತ್ರೆ! ಹುಣಸೆಹಣ್ಣು ಹಾಕಿ ಉಜ್ಜಿದೆ, ಏನೂ ಆಗಲಿಲ್ಲ. ಕೊನೆಗೆ ರಿಮೂವರ್ ಹಾಕಿ ಒರೆಸಿದೆ. ಇವರಿಗೆ ಇನ್ನೂ ಹೇಳಿಲ್ಲ.

ನಾನು, 4:48
ಚಿಕ್ಕಪ್ಪನೂ ಈ ಗುಂಪಿನಲ್ಲಿದ್ದಾರೆ ಚಿಕ್ಕಮ್ಮ.

ಸುಧಾ ಚಿಕ್ಕಮ್ಮ, 4:48
ಅಯ್ಯಯ್ಯೋ.

ನಾನು, 4:50
ಡಿಸೈನ್ ಬಂತಾ?

ಸುಧಾ ಚಿಕ್ಕಮ್ಮ, 4:51
ಎಲ್ಲಿ ಬಂತು? ಹನಿ ಹರಡಲೇ ಇಲ್ಲ, ಮುದ್ದೆಯಾಗಿ ಕೂತಿತು.

ನಾನು, 4:52
ಫ್ರಿಜ್ ನೀರು ಹಾಕಿರುತ್ತಾಳೆ. ತಣ್ಣಗಿದ್ದರೆ ಪಾಲಿಶ್ ಹರಡುವುದಿಲ್ಲ. ಮಡಕೆ ನೀರೂ ಬೇಡ, ಸುಮ್ನೆ ಹೊರಗಿಟ್ಟ ನೀರು ಸಾಕು. ಹಳೆಯ ಪೇಪರ್ ಲೋಟ ಕೊಡಿ, ಆಮೇಲೆ ಎಸೆದರಾಯಿತು.

ವೀಣಾ ಅತ್ತೆ, 5:02
ಅಣ್ಣ ಎಲ್ಲಿ? ನೀಲಿ ಗೆರೆ ಬಂದಿದೆ, ಓದಿ ಸುಮ್ಮನಿದ್ದಾನೆ.

ರಘು ದೊಡ್ಡಪ್ಪ, 5:24
ಇಲ್ಲೇ ಇದ್ದೇನೆ. ವೀಣಾ, ನೀನು ಕಾರಣ ಎಣಿಸುತ್ತಾ ಕೂತಿದ್ದೀಯ. ನಿಜವಾದದ್ದು ಹೇಳುತ್ತೇನೆ. ಹತ್ತನೇ ದಿನ ಅಮ್ಮನ ಕೈಯಿಂದ ಬಳೆ ತೆಗೆಸಿದಾಗ ಎದುರಿಗೆ ನಿಂತಿದ್ದವನು ನಾನು. ನೀವೆಲ್ಲ ಒಳಗಿದ್ದಿರಿ. ಬೇಡ ಅನ್ನಬಹುದಿತ್ತು, ಹಿರಿಮಗ ನಾನು, ನನ್ನ ಮಾತು ನಡೆಯುತ್ತಿತ್ತು. ಅನ್ನಲಿಲ್ಲ. ಅವತ್ತಿನಿಂದ ಮೈಸೂರಿಗೆ ಬಂದಾಗಲೆಲ್ಲ ಅಮ್ಮ ಕಾಫಿ ಕೊಟ್ಟರೆ ನಾನು ಲೋಟ ನೋಡುತ್ತೇನೆ, ಕೈ ನೋಡುವುದಿಲ್ಲ. ಇವತ್ತು ಫೋಟೋ ತೆರೆದರೆ ಬರೀ ಕೈ.

ವೀಣಾ ಅತ್ತೆ, 5:33
ಅಣ್ಣ

ವೀಣಾ ಅತ್ತೆ, 5:33
ಇದು ನನಗೆ ಗೊತ್ತಿರಲಿಲ್ಲ.

ಅಮ್ಮ, 5:41
ಭಾವ, ಕಾಫಿ ಆಯಿತಾ? ಅತ್ತೆ ಈಗ ಹಾಲಿನವನಿಗೂ ಕೈ ತೋರಿಸಿದರು.

ರಘು ದೊಡ್ಡಪ್ಪ, 5:58
ಪುಟ್ಟಿ, ಒಂದು ಕೇಳುತ್ತೇನೆ. ಅಮ್ಮನ ಕೈ ನಡುಗುತ್ತದಲ್ಲ. ಅಷ್ಟು ಸಣ್ಣ ಚುಕ್ಕಿ ಸಾಲು ತಪ್ಪದೆ ಹೇಗೆ ಇಟ್ಟೆ?

ನಾನು, 6:10
ಕೈಯನ್ನು ಬಿಟ್ಟು ಇಡುವುದಕ್ಕೆ ಆಗುವುದೇ ಇಲ್ಲ ದೊಡ್ಡಪ್ಪ. ಒಂದು ದಿಂಬಿನ ಮೇಲೆ ಅಜ್ಜಿಯ ಕೈ ಇಟ್ಟೆ. ನನ್ನ ಎಡಗೈಯಲ್ಲಿ ಒಂದೊಂದೇ ಬೆರಳನ್ನು ಎರಡೂ ಬದಿ ಒತ್ತಿ ಹಿಡಿದೆ. ನನ್ನ ಬಲಗೈ ಕಿರುಬೆರಳನ್ನು ಅಜ್ಜಿಯ ಕೈಗೇ ಆನಿಸಿದೆ. ಆಗ ಅಜ್ಜಿಯ ಕೈ ನಡುಗಿದರೆ ನನ್ನ ಕೈಯೂ ಜೊತೆಗೇ ನಡುಗುತ್ತದೆ, ಚುಕ್ಕಿ ಮಾತ್ರ ಜಾಗ ತಪ್ಪುವುದಿಲ್ಲ. ಇದು ಯಾರೂ ಹೇಳಿಕೊಟ್ಟದ್ದಲ್ಲ, ಎರಡು ಬೆರಳು ಕೆಟ್ಟ ಮೇಲೆ ಹೊಳೆಯಿತು.
ವಯಸ್ಸಾದವರ ಉಗುರಿನ ಮೇಲೆ ಉದ್ದುದ್ದ ಗೆರೆ ಏಳುತ್ತದಲ್ಲ, ಅದಕ್ಕೆ ಮೊದಲು ಬಣ್ಣವಿಲ್ಲದ ಬೇಸ್ ಕೋಟ್ ಹಾಕಿದೆ. ಆಮೇಲೆ ಸಗಣಿ ಬಣ್ಣ ತೆಳುವಾಗಿ ಎರಡು ಸಲ. ದಪ್ಪಗೆ ಒಂದೇ ಸಲ ಬಳಿದರೆ ಮೇಲೆ ಒಣಗಿ ಒಳಗೆ ಹಸಿಯಾಗಿ ಉಳಿಯುತ್ತದೆ, ಸೀರೆ ತಾಗಿದರೆ ನೆರಿಗೆ ಬೀಳುತ್ತದೆ. ಶೀಶೆಯನ್ನು ಕುಲುಕಬಾರದು, ಗುಳ್ಳೆ ಏಳುತ್ತದೆ. ಅಂಗೈ ನಡುವೆ ಕಡೆಗೋಲಿನ ಹಾಗೆ ಉರುಳಿಸಬೇಕು.
ಚುಕ್ಕಿಗೆ ಅಂಗಡಿಯ ಸಾಮಾನು ಏನೂ ಇಲ್ಲ. ಪೆನ್ಸಿಲ್ಲಿನ ರಬ್ಬರಿಗೆ ಗುಂಡುಸೂಜಿ ಚುಚ್ಚಿದೆ, ಅದರ ತಲೆಯೇ ಚುಕ್ಕಿ. ಹೆಬ್ಬೆರಳ ದೊಡ್ಡ ಚುಕ್ಕಿಗೆ ಇಂಕ್ ಮುಗಿದ ಬಾಲ್ ಪೆನ್. ಅಜ್ಜಿಯ ಬಿಪಿ ಮಾತ್ರೆಯ ಖಾಲಿ ಸ್ಟ್ರಿಪ್ಪಿನ ಗುಳಿಗಳಲ್ಲಿ ಒಂದೊಂದು ಹನಿ ಬಿಳಿ. ಎಳೆಗೆ ಪೊರಕೆ ಕಡ್ಡಿ ಸೀಳಿ ತಂದೆ, "ಪೊರಕೆ ಮೈಗೆ ಮುಟ್ಟಿಸುತ್ತೀಯಾ" ಅಂತ ಬೈಸಿಕೊಂಡೆ. ಆಮೇಲೆ ನನ್ನ ಹಳೆಯ ಐಲೈನರ್ ಬ್ರಷ್ಷೇ ಗತಿಯಾಯಿತು.
ಉಂಗುರದ ಬೆರಳು ಕೆಟ್ಟಿದೆ, ಫೋಟೋದಲ್ಲಿ ಮಡಚಿಸಿದ್ದೇನೆ. ಚುಕ್ಕಿ ಒಣಗುವ ಮೊದಲೇ ಟಾಪ್ ಕೋಟ್ ಎಳೆದುಬಿಟ್ಟೆ, ಬಿಳಿಯೆಲ್ಲ ಬಾಲ ಬಿಟ್ಟುಕೊಂಡು ಹರಿಯಿತು. ಅಜ್ಜಿ ನೋಡಿ "ಮಳೆ ಬಂತು ಬಿಡು" ಅಂದರು.

ಕಿರಣಣ್ಣ, 6:14
ಅಜ್ಜಿಗೆ ಪೊರೆ ಬಂದಿದೆಯಲ್ಲ, ಇದೆಲ್ಲ ಕಾಣಿಸುತ್ತದಾ?

ನಾನು, 6:17
ಬಲಗಣ್ಣಿಗೆ ಪೂರ್ತಿ ಮಂಜು. ಎಡಗಣ್ಣಲ್ಲಿ ಸ್ವಲ್ಪ. ಕಿಟಕಿ ಹತ್ತಿರ ಹೋಗಿ ಹೆಬ್ಬೆರಳನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಎಣಿಸಿದರು. ಎರಡು, ಮೂರು, ಎರಡು. "ಸರಿ ಇದೆ" ಅಂದರು. ಅದಕ್ಕೆ ಮೊದಲು ನಾನು ಮೂರು, ಮೂರು, ಮೂರು ನೇರ ಚುಕ್ಕಿ ಇಟ್ಟಿದ್ದೆ. ಅದನ್ನು ಬೆರಳಲ್ಲಿ ಸವರಿಯೇ ತಪ್ಪು ಹಿಡಿದು ಅಳಿಸಿಸಿದರು. ಎರಡು ಗಂಟೆ ಹಿಡಿದದ್ದು ಅದಕ್ಕೇ.

ಶ್ರೀಧರ ಮಾವ, 6:20
ಅಂದರೆ ಸರಿಯಾಗಿ ಕಾಣುವ ಹೊತ್ತಿಗೆ ಉಗುರಿನಲ್ಲಿ ಇದು ಇರುವುದಿಲ್ಲ. ಒಂದು ಫೋಟೋ ದೊಡ್ಡದಾಗಿ ತೆಗೆದಿಡು. ಒರೆಸುವಾಗ ಕಿಟಕಿ ತೆರೆದಿರಲಿ, ಒಲೆ ಹತ್ತಿರವೂ ದೇವರ ದೀಪದ ಹತ್ತಿರವೂ ಬೇಡ, ಅಸಿಟೋನ್ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ. ಆಮೇಲೆ ಬೆರಳಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚು, ಚರ್ಮ ಒಣಗುತ್ತದೆ.

ರಘು ದೊಡ್ಡಪ್ಪ, 6:31
ಬುಧವಾರ ಶಿವಮೊಗ್ಗದಿಂದ ಟ್ರೇನಿಗೆ ಬರುತ್ತಿದ್ದೇನೆ. ಸಂಜೆ ಒಳಗೆ ಮನೆಯಲ್ಲಿರುತ್ತೇನೆ. ನಾನು ಬರುವ ತನಕ ಒರೆಸಬೇಡ.

ವೀಣಾ ಅತ್ತೆ, 6:32
ಬ್ಲೇಡ್ ಮನೆಯಲ್ಲೇ ಬಿಟ್ಟು ಬಾ.

ರಘು ದೊಡ್ಡಪ್ಪ, 6:33
ಆಯಿತು ಮಾರಾಯ್ತಿ. ಪುಟ್ಟಿ, ಬರುವಾಗ ಏನಾದರೂ ತರಬೇಕಾ?

ನಾನು, 6:35
ಹತ್ತಿ ತನ್ನಿ ದೊಡ್ಡಪ್ಪ. ಹೋದ ವಾರ ತಂದ ಕಟ್ಟನ್ನು ಅಜ್ಜಿ ಪೂರ್ತಿ ಹೂಬತ್ತಿ ಮಾಡಿಟ್ಟಿದ್ದಾರೆ. ಅದರಲ್ಲಿ ನೇಲ್ ಪಾಲಿಶ್ ಒರೆಸುತ್ತೇನೆ ಅಂದರೆ ಮುಗಿಯಿತು ನನ್ನ ಕಥೆ.