ಸಂಜೆಯಾದರೆ ವಿಡಿಯೋ ಕಾಲ್ ಕಟ್: 5ಜಿ ವೈರ್‌ಲೆಸ್ ಬಿಟ್ಟು ಫೈಬರ್ ಹಾಕಿಸಲಾ? (ವಾಕಡ್, ಪುಣೆ)

ವಾಕಡ್_ಧಾರವಾಡ:
ನಮಸ್ಕಾರ. ನಮ್ಮದು ವಾಕಡ್‌ನಲ್ಲಿ 14ನೇ ಮಹಡಿ. 5ಜಿ ವೈರ್‌ಲೆಸ್ ಇಂಟರ್ನೆಟ್ ಇದೆ, ಬಾಲ್ಕನಿಯಲ್ಲಿ ಸಿಗ್ನಲ್ ಹಿಡಿಯುವ ಡಬ್ಬಿ, ಒಳಗೆ ರೂಟರ್. ಸ್ಪೀಡ್ ಟೆಸ್ಟ್‌ನಲ್ಲಿ 150 ಎಂಬಿಪಿಎಸ್ ಬರುತ್ತದೆ. ಆದರೂ ಸಂಜೆ ಏಳರ ಮೇಲೆ ಆಫೀಸ್ ಕಾಲ್‌ಗೆ ಕೂತರೆ ನನ್ನ ಧ್ವನಿ ತುಂಡು ತುಂಡಾಗುತ್ತದೆ. ಕೆಲವು ಸಲ ಎಲ್ಲಾ ನಿಂತೇ ಹೋಗುತ್ತದೆ. ಕಸ್ಟಮರ್ ಕೇರ್‌ನವರು ಸಿಗ್ನಲ್ ಫುಲ್ ಇದೆ ಅನ್ನುತ್ತಾರೆ. ಸೊಸೈಟಿಯಲ್ಲಿ ಫೈಬರ್ ಸಿಗುತ್ತದೆ. ಬದಲಾಯಿಸಿದರೆ ಸರಿಹೋಗುತ್ತಾ, ಸುಮ್ನೆ ದುಡ್ಡು ದಂಡವಾ?

ಚಿಂಚ್‌ವಡ್_ನೆಟ್:
ಮೊದಲು ವೈಫೈ ತಪ್ಪಿಸಿ ನೋಡಿ ಸರ್. ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ಹಾಕಿ, ಒಂದು ಪಿಂಗ್ (ಉತ್ತರ ಬರಲು ಎಷ್ಟು ಹೊತ್ತು ಅಂತ ಅಳೆಯುವ ಪರೀಕ್ಷೆ) ರೂಟರ್‌ಗೆ, ಇನ್ನೊಂದು ಹೊರಗಿನ ಗೂಗಲ್ ಸರ್ವರ್ 8.8.8.8ಗೆ ಬಿಡಿ. ಹೊರಗಿನ ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ ಆರ್‌ಎಸ್‌ಆರ್‌ಪಿ (ಸಿಗ್ನಲ್ ಎಷ್ಟು ಬಲ), ಎಸ್‌ಐಎನ್‌ಆರ್ (ಎಷ್ಟು ಸ್ಪಷ್ಟ) ಎಂಬ ಎರಡು ಅಂಕಿ ಇರುತ್ತವೆ. ಅವನ್ನೂ ಸಂಜೆ ಹೊತ್ತಲ್ಲೇ ಬರೆದುಕೊಳ್ಳಿ.

ವಾಕಡ್_ಧಾರವಾಡ:
ನೋಡಿದೆ. ರೂಟರ್‌ಗೆ 1 ಮಿಲಿಸೆಕೆಂಡ್, ಅಲುಗಾಡುವುದಿಲ್ಲ. 8.8.8.8 ಮಾತ್ರ 30ರಿಂದ 400ರ ತನಕ ಕುಣಿಯುತ್ತದೆ. ಆರ್‌ಎಸ್‌ಆರ್‌ಪಿ -82, ಎಸ್‌ಐಎನ್‌ಆರ್ 2. ಸೆಲ್ ಐಡಿ (ಡಬ್ಬಿ ಯಾವ ಟವರ್‌ನ ಸೆಲ್‌ಗೆ ಸೇರಿದೆ ಅನ್ನುವ ನಂಬರ್) ಕೂಡ ಆಗಾಗ ಬದಲಾಗುತ್ತಿದೆ.

ಚಿಂಚ್‌ವಡ್_ನೆಟ್:
ಹಾಗಾದರೆ ವೈಫೈ ತಪ್ಪಲ್ಲ. -82 ಒಳ್ಳೆಯ ಸಿಗ್ನಲ್ಲೇ, ಕಸ್ಟಮರ್ ಕೇರ್‌ನವರು ಹೇಳಿದ್ದು ಸುಳ್ಳಲ್ಲ. ತೊಂದರೆ ಇರುವುದು ಆ 2ರಲ್ಲಿ. ಎಸ್‌ಐಎನ್‌ಆರ್ ಅಂದರೆ ನಿಮ್ಮ ಟವರ್‌ನ ಮಾತು ಉಳಿದ ಗದ್ದಲಕ್ಕಿಂತ ಎಷ್ಟು ಸ್ಪಷ್ಟವಾಗಿದೆ ಅನ್ನುವ ಲೆಕ್ಕ. 20 ದಾಟಿದರೆ ತುಂಬಾ ಚೆನ್ನ, ಸೊನ್ನೆ ಹತ್ತಿರ ಬಂದರೆ ಕಷ್ಟ. 14ನೇ ಮಹಡಿಯಿಂದ ಸುತ್ತಲಿನ ಟವರ್‌ಗಳೆಲ್ಲ ಕಾಣುತ್ತವೆ. ಎಲ್ಲವೂ ಒಂದೇ ತರಂಗದಲ್ಲಿ ಮಾತಾಡುವುದರಿಂದ ಡಬ್ಬಿ ಒಂದು ಸೆಲ್‌ನಿಂದ ಇನ್ನೊಂದಕ್ಕೆ ಜಿಗಿಯುತ್ತಿರುತ್ತದೆ. ಕಾಲ್ ನಿಲ್ಲುವುದು ಆ ಜಿಗಿತದಲ್ಲೇ ಇರಬೇಕು. ಎತ್ತರದ ಮನೆಯವರಿಗೆ ಇದು ಮಾಮೂಲಿ, ಆದರೆ ಇನ್‌ಸ್ಟಾಲ್ ಮಾಡುವವರು ಸಿಗ್ನಲ್ ಕಡ್ಡಿ ಎಷ್ಟಿದೆ ಅಂತ ಮಾತ್ರ ನೋಡಿ ಹೋಗುತ್ತಾರೆ. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ.

ಡಬ್ಬಿಯನ್ನು ಬೇರೆ ಬಾಲ್ಕನಿಗೆ ಹಾಕಿಸಿ, ಒಂದು ಟವರ್ ಕಡೆ ಮುಖ ಮಾಡಿಸಿ. ಉಳಿದವನ್ನು ನಿಮ್ಮ ಗೋಡೆಯೇ ಮರೆಮಾಡಲಿ. ಆರ್‌ಎಸ್‌ಆರ್‌ಪಿ ಸ್ವಲ್ಪ ಇಳಿದರೂ ಪರವಾಗಿಲ್ಲ.

ವಾಕಡ್_ಧಾರವಾಡ:
ಅಡುಗೆಮನೆ ಕಡೆ ಹಾಕಿಸಿದೆ. ಈಗ -91, ಎಸ್‌ಐಎನ್‌ಆರ್ 14. ಕಾಲ್ ನಿಲ್ಲುವುದು ಹೋಯಿತು, ತುಂಬಾ ಥ್ಯಾಂಕ್ಸ್. ಆದರೆ ಒಂಬತ್ತರ ಹೊತ್ತಿಗೆ ಧ್ವನಿ ಇನ್ನೂ ಎಳೆಯುತ್ತದೆ.

ಚಿಂಚ್‌ವಡ್_ನೆಟ್:
ಅದನ್ನು ನೀವು ಸರಿ ಮಾಡಲು ಆಗುವುದಿಲ್ಲ. ಆ ಹೊತ್ತಲ್ಲಿ ಸುತ್ತಲಿನ ಮೊಬೈಲ್‌ಗಳೆಲ್ಲ ಅದೇ ಸೆಲ್ ಮೇಲೆ ಇರುತ್ತವೆ. ಮೇಲಾಗಿ 3.5 ಗಿಗಾಹರ್ಟ್ಸ್ 5ಜಿಯಲ್ಲಿ ಕಳಿಸಲು, ಪಡೆಯಲು ಒಂದೇ ತರಂಗ, ಸಮಯ ಹಂಚಿಕೊಳ್ಳಬೇಕು. ಜಾಸ್ತಿ ಪಾಲು ಡೌನ್‌ಲೋಡ್‌ಗೆ. ನಿಮ್ಮ ಧ್ವನಿ ಹೋಗುವುದು ಆ ಚಿಕ್ಕ ಪಾಲಿನಲ್ಲಿ. ದಿನಾ ಸಂಜೆ ಕಾಲ್ ಇದ್ದರೆ ಫೈಬರ್ ಹಾಕಿಸಿ.

ಠಾಣೆ_ಉಡುಪಿ:
ಫೈಬರ್ ಅಂತ ಹೇಳಿದ್ದನ್ನೆಲ್ಲ ನಂಬಬೇಡಿ ಅಣ್ಣ. ಮನೆಯೊಳಗೆ ಬರುವುದು ಗಾಜಿನ ಎಳೆಯಾ, ಕೆಳಗಿನ ಪೆಟ್ಟಿಗೆಯಿಂದ ಬರೀ ಲ್ಯಾನ್ ಕೇಬಲ್ಲಾ ಅಂತ ಕೇಳಿ. ಲ್ಯಾನ್ ಆದರೆ ಬಿಲ್ಡಿಂಗ್‌ನ ಕರೆಂಟ್ ಹೋದಾಗ ಆ ಪೆಟ್ಟಿಗೆಯ ಸ್ವಿಚ್ಚೂ ಆಫ್, ಅದಕ್ಕೆ ಬ್ಯಾಕಪ್ ಇರದಿದ್ದರೆ. ಜಿಪಿಒಎನ್, ಅಂದರೆ ಮನೆ ತನಕ ಗಾಜಿನ ಎಳೆ ಬರುವ ಪದ್ಧತಿ ಆದರೆ, ದಾರಿಯಲ್ಲಿ ಬೆಳಕನ್ನು ಹಂಚುವ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಮನೆಯಲ್ಲಿ 12 ವೋಲ್ಟ್‌ನ ಚಿಕ್ಕ ಯುಪಿಎಸ್ ಇದ್ದರೆ ಸಾಮಾನ್ಯವಾಗಿ ನೆಟ್ ನಡೆಯುತ್ತದೆ. ಅದರಲ್ಲೂ 2.5 ಗಿಗಾಬಿಟ್ ಲೈನನ್ನು ಹಲವು ಮನೆಗಳಿಗೆ ಹಂಚುತ್ತಾರೆ, ಆದರೆ ಅಪ್‌ಲೋಡ್‌ಗೆ ಬೇರೆ ಬಣ್ಣದ ಬೆಳಕು, 1.25 ಗಿಗಾಬಿಟ್.

ಹಾಕುವಾಗ ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಇಡಿಸಿ. -15ರಿಂದ -25 ಡಿಬಿಎಂ ಒಳಗಿದ್ದರೆ ಚೆನ್ನ. -27 ಹತ್ತಿರ ಬಂದರೆ ಜಾಯಿಂಟ್ ಮತ್ತೆ ಮಾಡಲು ಹೇಳಿ. ಟಿವಿ ಹಿಂದೆ ವೈರ್ ಮಡಚಿ ತುರುಕಲು ಬಿಡಬೇಡಿ.

ವಾಕಡ್_ಧಾರವಾಡ:
ವಿಚಾರಿಸಿದೆ, ಮನೆ ತನಕ ಗಾಜಿನ ಎಳೆಯೇ ಬರುತ್ತದಂತೆ. ಬುಕ್ ಮಾಡಿದ್ದೇನೆ. ಹಳೆಯದನ್ನು ಇವತ್ತೇ ನಿಲ್ಲಿಸಲಾ?

ಠಾಣೆ_ಉಡುಪಿ:
ಬೇಡ. ಕಟ್ಟಿದ ದುಡ್ಡಿನ ಅವಧಿ ಮುಗಿಯಲಿ. ಮಳೆಗಾಲದಲ್ಲಿ ಮರ ಬಿದ್ದೋ ರಸ್ತೆ ಅಗೆದೋ ಕೇಬಲ್ ತುಂಡಾದರೆ ಫೈಬರ್ ಡಬ್ಬಿಯಲ್ಲಿ ಎಲ್‌ಒಎಸ್ (ಬೆಳಕು ಬರುತ್ತಿಲ್ಲ ಅನ್ನುವ) ಕೆಂಪು ದೀಪ ಹತ್ತುತ್ತದೆ. ಆಗ ರೀಸ್ಟಾರ್ಟ್ ಮಾಡಿ ಪ್ರಯೋಜನವಿಲ್ಲ. ನೇರವಾಗಿ ದೂರು ಕೊಟ್ಟು, ಅವರು ಬರುವ ತನಕ 5ಜಿಯಲ್ಲಿ ಕೆಲಸ ಮಾಡಿ.