ಅಪ್‌ಡೇಟ್: ಸಿಂಫನಿ ಆಫ್ ದ ನೈಟ್ ನಿರ್ದೇಶಕರು ಯಾರು?

ಕ್ಯಾಸಲ್‌ವೇನಿಯಾ ಸರಣಿಯ ಈ 1997ರ ಗೇಮ್‌ನ ನಿರ್ದೇಶಕರು ಕೋಜಿ ಇಗರಾಶಿ ಅಂತ ಎಷ್ಟೋ ಕಡೆ ಓದಿದ್ದೆ, ಅದು ನಿಜಾನಾ ಅಂತ ಇಲ್ಲಿ ಕೇಳಿದ್ದೆ ಅಲ್ವಾ? ಉತ್ತರ ಗೇಮ್ ಒಳಗೇ ಇದೆ. ಆಟ ಮುಗಿದ ಮೇಲೆ ಬರುವ ಹೆಸರುಗಳಲ್ಲಿ ನಿರ್ದೇಶಕರು ಅಂತ ಇರುವುದು ತೋರು ಹಗಿಹಾರ; ಇಗರಾಶಿ ಸಹಾಯಕ ನಿರ್ದೇಶಕರು. ಕಥೆ, ಪ್ರೋಗ್ರಾಮಿಂಗ್ ಎರಡರಲ್ಲೂ ಅವರ ಕೈ ಇದೆ, ಮುಂದೆ ಸರಣಿಯ ಚುಕ್ಕಾಣಿ ಹಿಡಿದವರೂ ಅವರೇ, ಹಾಗಾಗಿ ಎಲ್ಲರ ಬಾಯಲ್ಲೂ ಅವರ ಹೆಸರೇ ಉಳಿಯಿತು ಅನ್ಸುತ್ತೆ. ಸುಮ್ನೆ ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದ ಹತ್ತು ಲೇಖನಕ್ಕಿಂತ ಈ ಒಂದು ಸಾಲಿಗೆ ತೂಕ ಜಾಸ್ತಿ.

ಇನ್ನೊಂದು, ಈ ಗೇಮ್‌ನಲ್ಲಿ ಮರಿಯಾ ಅನ್ನೋ ಪಾತ್ರವಾಗಿ ಆಡಬಹುದು ಅಂದವರಿಗೆ: ಮೊದಲ ಪ್ಲೇಸ್ಟೇಷನ್ ಆವೃತ್ತಿಯಲ್ಲಿ ಆಗಲ್ಲ. ಅದು ಬಂದಿದ್ದು 1998ರಲ್ಲಿ, ಜಪಾನಿನಲ್ಲಷ್ಟೇ ಬಿಡುಗಡೆಯಾದ ಸೆಗಾ ಸ್ಯಾಟರ್ನ್ ಆವೃತ್ತಿಯಲ್ಲಿ.