ಪ್ರಶ್ನೋತ್ತರ: ಫ್ರಾನ್ಸಿನಲ್ಲಿ ಮೊದಲ ಸೆಮಿಸ್ಟರ್

(ಉತ್ತರಿಸುವವರು: ಫ್ರಾನ್ಸಿನ ವಿಶ್ವವಿದ್ಯಾಲಯವೊಂದರ ವಿದೇಶಿ ವಿದ್ಯಾರ್ಥಿಗಳ ಸಲಹೆಗಾರ್ತಿ. ಗ್ರೂಪಿನ ವಿದ್ಯಾರ್ಥಿಗಳಿಗೆ ಹೆಸರಿನ ಬದಲು ಅವರು ಓದುವ ಫ್ರೆಂಚ್ ಊರು)

ರೆನ್ ಹೊಸಬ: ಮೇಡಂ, ವೀಸಾ ವ್ಯಾಲಿಡೇಶನ್ ಯಾವಾಗ ಮಾಡ್ಬೇಕು?

ಸಲಹೆಗಾರ್ತಿ: ಬಂದಿಳಿದ 3 ತಿಂಗಳೊಳಗೆ, ಗೃಹ ಸಚಿವಾಲಯದ ವೆಬ್‌ಸೈಟಿನಲ್ಲಿ. ವೀಸಾ ನಂಬರ್, ಬಂದ ತಾರೀಖು, ಇಲ್ಲಿನ ವಿಳಾಸ ತುಂಬಿ ಶುಲ್ಕ ಕಟ್ಟಿ. ಕೊನೆಗೆ ಸಿಗುವ ಪಿಡಿಎಫ್ ಇಳಿಸಿಟ್ಟುಕೊಳ್ಳಿ.

ಲೀಲ್ ಎಂ1 (ಮಾಸ್ಟರ್ಸ್ ಮೊದಲ ವರ್ಷ): ರಿಸಲ್ಟ್ ಬಂತು. ಸರಾಸರಿ 12ರ ಹತ್ತಿರ ಬರ್ಬೇಕಿತ್ತು. ಒಂದು ಪೇಪರ್ ಮುಂದೆ ‘ಎಬಿಐ’, ಕೆಳಗೆ ಒಟ್ಟು ಇರೋ ಕಡೆ ‘ಡೆಫ್’ ಅಂತಿದೆ. ನವೆಂಬರ್‌ನಲ್ಲಿ ಎರಡು ವಾರ ರೂಮಿಂದ ಹೊರಗೇ ಹೋಗೋಕಾಗ್ಲಿಲ್ಲ, ಆಗ ಒಂದು ಟಿಡಿ (ಸಣ್ಣ ಗುಂಪಿನ ಕ್ಲಾಸ್) ಟೆಸ್ಟ್ ತಪ್ಪಿಹೋಯ್ತು. ಫೇಲಾ?

ಸಲಹೆಗಾರ್ತಿ: ಫೇಲ್ ಅಲ್ಲ, ಹಾಗೇ ಬಿಟ್ಟರೆ ಅದಕ್ಕಿಂತ ಕೆಟ್ಟದ್ದು. ಎಬಿಐ ಅಂದರೆ ಕಾರಣ ಕೊಡದ ಗೈರು. ಸೊನ್ನೆ ಬಂದಿದ್ದರೆ ಅದು ಸರಾಸರಿಗೆ ಸೇರುತ್ತಿತ್ತು, ಬೇರೆ ಪೇಪರಿನ ಅಂಕ ಸರಿದೂಗಿಸುತ್ತಿತ್ತು. ಎಬಿಐ ಇದ್ದರೆ ಬಹಳ ಕಡೆ ಸರಾಸರಿಯನ್ನೇ ಹಾಕುವುದಿಲ್ಲ. ಅದೇ ಡೆಫ್.

ಮೊದಲು ನಿಮ್ಮ ಕೋರ್ಸಿನ ಎಂಸಿಸಿಸಿ ತೆಗೆಯಿರಿ. ಪರೀಕ್ಷೆಯ ನಿಯಮಗಳ ದಾಖಲೆ ಅದು. ಪಾಠ ಶುರುವಾದ ಮೊದಲ ತಿಂಗಳೊಳಗೆ ಅಂತಿಮವಾಗಬೇಕು, ವರ್ಷದ ಮಧ್ಯೆ ಬದಲಾಯಿಸುವಂತಿಲ್ಲ. ಗೈರಿನ ಕಾರಣಪತ್ರಕ್ಕೆ ಎಷ್ಟು ದಿನದ ಗಡುವು ಅಂತ ಅದರಲ್ಲೇ ಇರುತ್ತೆ. ಆ ದಿನಗಳಲ್ಲಿ ಡಾಕ್ಟರ್ ಹತ್ತಿರ ಹೋಗಿದ್ದ ಚೀಟಿ ಇದ್ದರೆ ಗಡುವು ಮೀರಿದ್ದರೂ ಸ್ಕೋಲಾರಿತೆಗೆ (ಕೋರ್ಸಿನ ಆಡಳಿತ ಕಚೇರಿ) ಇಮೇಲ್ ಮಾಡಿ, ಪ್ರೊಫೆಸರಿಗೆ ಕಾಪಿ ಹಾಕಿ, ಎಬಿಐ ಬದಲು ಎಬಿಜೆ, ಅಂದರೆ ಕಾರಣ ಕೊಟ್ಟ ಗೈರು, ಹಾಕೋಕೆ ಕೇಳಿ. ಒಪ್ಪದಿದ್ದರೆ ಫಲಿತಾಂಶ ಪ್ರಕಟವಾದ 2 ತಿಂಗಳೊಳಗೆ ಲಿಖಿತ ಮೇಲ್ಮನವಿ.

ಅದೂ ಆಗದಿದ್ದರೆ ಎರಡನೇ ಸೆಷನ್, ಅಂದರೆ ಮರುಪರೀಕ್ಷೆ. ಎಷ್ಟೋ ಕಡೆ ಜೂನ್‌ನಲ್ಲಿ ಇಡುತ್ತಾರೆ. ತಾರೀಖು ಗೊತ್ತಾಗೋವರೆಗೂ ಊರಿಗೆ ಟಿಕೆಟ್ ತೆಗೀಬೇಡಿ.

ರೆಸಿಡೆನ್ಸ್ ಪರ್ಮಿಟ್ ನವೀಕರಣಕ್ಕೆ ಅವಧಿ ಮುಗಿಯುವ 4ರಿಂದ 2 ತಿಂಗಳು ಮೊದಲೇ ಅರ್ಜಿ ಹಾಕಬೇಕು. ಓದು ನಿಜವಾಗಿ ನಡೆದಿದೆಯಾ ಅಂತ ಪ್ರೆಫೆಕ್ಚರ್ (ಪರ್ಮಿಟ್ ಕೊಡುವ ಸರ್ಕಾರಿ ಕಚೇರಿ) ನೋಡುತ್ತೆ. ಡೆಫ್ ಕಂಡರೆ ‘ಕ್ಲಾಸಿಗೇ ಬಂದಿಲ್ಲ’ ಅಂದುಕೊಳ್ಳೋದು ಸುಲಭ. ಬರುತ್ತಿದ್ದೀರಿ ಅಂತ ಕೋರ್ಸ್ ಮುಖ್ಯಸ್ಥರಿಂದ ಪತ್ರ ತಗೊಂಡು ಲಗತ್ತಿಸಿ.

ಇನ್ನೊಂದು. ಎರಡು ವಾರ ಹೊರಗೆ ಹೋಗೋಕಾಗ್ಲಿಲ್ಲ ಅಂದಿರಿ. ಜ್ವರವಾ, ಮನಸ್ಸಿನದಾ? ಎರಡನೆಯದಾದರೆ ವಿದ್ಯಾರ್ಥಿ ಆರೋಗ್ಯ ಕೇಂದ್ರಕ್ಕೆ ಇವತ್ತೇ ಫೋನ್ ಮಾಡಿ. ಸಾಂತೆ ಪ್ಸಿ ಯೋಜನೆಯಲ್ಲಿ ಮನಶ್ಶಾಸ್ತ್ರಜ್ಞರ ಜೊತೆ ವರ್ಷಕ್ಕೆ 12 ಭೇಟಿ ಉಚಿತ. ಇಂಗ್ಲಿಷ್ ಬರುವವರೇ ಬೇಕು ಅಂತ ಕೇಳಿ. ರಾತ್ರಿ ತಡೆಯೋಕಾಗದಿದ್ದರೆ ಆತ್ಮಹತ್ಯೆ ತಡೆ ಸಹಾಯವಾಣಿ 3114, ಇಪ್ಪತ್ನಾಲ್ಕು ಗಂಟೆಯೂ ಎತ್ತುತ್ತಾರೆ. ಉತ್ತರ ಇಲ್ಲಿ ಬೇಡ, ನನಗೇ ಮೆಸೇಜ್ ಮಾಡಿ.

ಗ್ರೆನೋಬ್ಲ್ ಹುಡುಗ: ಫಾರ್ವರ್ಡ್ ಬಂದಿದೆ ನೋಡಿ: ‘ಆನ್‌ಲೈನ್‌ನಲ್ಲಿ ಹಳೇ ತಾರೀಖಿನ ಮೆಡಿಕಲ್ ಸರ್ಟಿಫಿಕೇಟ್ ಸಿಗುತ್ತೆ, ಇಲ್ಲಾ ಊರಿನ ಡಾಕ್ಟರ್ ಹತ್ರ ಬರೆಸಿ.’ ಲೀಲ್‌ನವರು ಇದನ್ನೇ ಮಾಡ್ಬಹುದಲ್ವಾ?

ಸಲಹೆಗಾರ್ತಿ: ಡಿಲೀಟ್ ಮಾಡಿ. ಸುಳ್ಳು ಸರ್ಟಿಫಿಕೇಟಿಗೆ ಇಲ್ಲಿ 1 ವರ್ಷ ಜೈಲು, 15,000 ಯೂರೋ ದಂಡದವರೆಗೂ ಇದೆ. ವಿಶ್ವವಿದ್ಯಾಲಯದ ಶಿಸ್ತು ಸಮಿತಿ ಬೇರೆ. ಎಬಿಐ ತೆಗೆಸೋಕೆ ಹೋಗಿ ಸೀಟೇ ಕಳ್ಕೋತೀರಿ.

ಹಾಸನದ ತಂದೆ: ಮಗಳಿಗೆ 20ಕ್ಕೆ 13 ಬಂದಿದೆಯಂತೆ. ಇಲ್ಲಿ 90ರ ಮೇಲೆ ತೆಗೀತಿದ್ಲು.

ತುಲೂಸ್: ಸಾರ್, 10ಕ್ಕೆ ಪಾಸು, 12ಕ್ಕೆ ಅಸ್ಸೆ ಬಿಯಾಂ (ಸಾಕಷ್ಟು ಒಳ್ಳೇದು), 14ಕ್ಕೆ ಬಿಯಾಂ (ಒಳ್ಳೇದು), 16ಕ್ಕೆ ತ್ರೆ ಬಿಯಾಂ (ತುಂಬಾ ಒಳ್ಳೇದು). 13 ಒಳ್ಳೇ ಅಂಕಾನೇ.

ಗ್ರೆನೋಬ್ಲ್ ಹುಡುಗ: ಐದರಿಂದ ಗುಣಿಸಿ, 65 ಪರ್ಸೆಂಟ್. ಬೆಂಗಳೂರಿನ ಎಚ್‌ಆರ್‌ಗೆ ನಿಮ್ಮ ಬಿಯಾಂ ಯಾರು ವಿವರಿಸ್ತಾರೆ?

ತುಲೂಸ್: ಗುಣಿಸೋದೇ ತಪ್ಪು. 13/20 ಅಂತಲೇ ಬರೆದು ಪಕ್ಕದಲ್ಲಿ ಕ್ಲಾಸಿನ ರ‍್ಯಾಂಕ್ ಹಾಕ್ಬೇಕು.

ಗ್ರೆನೋಬ್ಲ್ ಹುಡುಗ: ನಿಮ್ಮ ರ‍್ಯಾಂಕ್ ಎಷ್ಟು, ಮೊದ್ಲು ಅದನ್ನ ಹೇಳಿ.

ತುಲೂಸ್: ಫಾರ್ವರ್ಡ್ ನಂಬೋರಿಗೆ ಹೇಳೋ ಅಗತ್ಯ ಇಲ್ಲ.

ನಾಂತ್: ಕ್ರೂಸ್ (ಸರ್ಕಾರಿ ವಿದ್ಯಾರ್ಥಿ ಹಾಸ್ಟೆಲ್) ರೂಮಲ್ಲಿ ರೈಸ್ ಕುಕ್ಕರ್ ಇಟ್ಕೋಬಹುದಾ?

ಮೋಂಪೆಲಿಯೆ: ಮೇಡಂ, ಪ್ರಬಂಧದ ಉತ್ತರದಲ್ಲಿ ಗೊತ್ತಿದ್ದ ಪಾಯಿಂಟೆಲ್ಲಾ ಬರೆದೆ, 8 ಬಂತು. ಯಾಕೆ?

ಸಲಹೆಗಾರ್ತಿ: ಪಾಯಿಂಟ್ ಪಟ್ಟಿ ಮಾಡಿದ್ದಕ್ಕೇ. ಪೀಠಿಕೆಯಲ್ಲಿ ಒಂದು ಪ್ರಶ್ನೆ ಎತ್ತಿ, ಎರಡೋ ಮೂರೋ ಭಾಗದಲ್ಲಿ ವಾದ ಕಟ್ಟಬೇಕು. ಪ್ರತಿ ಭಾಗದಲ್ಲೂ ಉಪಭಾಗಗಳು. ಹಳೇ ಪ್ರಶ್ನೆಪತ್ರಿಕೆ ಹಿಡಿದು ಬರೀ ಪೀಠಿಕೆ, ಪ್ಲಾನ್ ಅಷ್ಟೇ ಬರೆದು ಅಭ್ಯಾಸ ಮಾಡಿ, ಟಿಡಿ ಟೀಚರಿಗೆ ತೋರಿಸಿ.

ಬೋರ್ಡೋ: ವೀಸಾ ವ್ಯಾಲಿಡೇಶನ್ ಎಷ್ಟು ದಿನದೊಳಗೆ?

ಸಲಹೆಗಾರ್ತಿ: ಮೇಲೆ ಓದಿ.

ಗ್ರೆನೋಬ್ಲ್ ಹುಡುಗ: ಕೇಳಿದ್ದಕ್ಕೆ ಇಷ್ಟು ಸಿಡುಕಾ ಮೇಡಂ?

ಸಲಹೆಗಾರ್ತಿ: ಆ ಫಾರ್ವರ್ಡ್ ಇನ್ನೂ ಡಿಲೀಟ್ ಆಗಿಲ್ಲ.